ಐದು ತಿಂಗಳ ಬಾಣಂತನ

ಶೃತಿಯ ಸೀಮಂತದ ದಿನ ಮುದ್ದಮ್ಮ ಬೀಗರ ಎದುರಿಗೇ ಮಾತು ಕೊಟ್ಟಿದ್ದರು.

"ಮೊದಲ್ನೇದು ಕಣ್ರೀ. ಐದು ತಿಂಗ್ಳು ತುಂಬೋಗಂಟ ನಾನು ಕಳ್ಸಕಿಲ್ಲ. ನಮ್ಮವ್ವ ನನ್ನ ಎಂಗ್ ನೋಡ್ಕಂಡ್ಳೋ ಅಂಗೇ ನೋಡ್ಕತೀನಿ."

ಮುದ್ದಮ್ಮ ಇರುವುದು ನಂಜನಗೂಡಿನಲ್ಲಿ, ನಮ್ಮ ಮನೆಯ ಗೋಡೆಗೆ ಅಂಟಿಕೊಂಡ ಮನೆಯಲ್ಲಿ. ಹುಟ್ಟಿದ್ದು ದೇವನೂರು. ಮದುವೆಗಳಿದ್ದಾಗ ಕಲ್ಯಾಣ ಮಂಟಪದ ಅಡುಗೆ ಕೆಲಸಕ್ಕೆ ಹೋಗುತ್ತಾರೆ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಕೊಳಗ ಇಳಿಸುವುದು. ಅವರ ಗಂಡ ದೇವರಾಜು ಬೇರೆಯವರ ಗೂಡ್ಸ್ ಆಟೋ ಓಡಿಸುತ್ತಾರೆ. ಶೃತಿ ಒಬ್ಬಳೇ ಮಗಳು. ಅವಳನ್ನು ಟಿ. ನರಸೀಪುರಕ್ಕೆ ಕೊಟ್ಟಿದೆ. ಅಳಿಯ ಕುಮಾರ ಟೈಲ್ಸ್ ಹಾಕುವ ಕೆಲಸದವನು.

ಸಾಂಬಾರಿನ ಕೊಳಗವನ್ನು ಒಲೆಯಿಂದ ಇಳಿಸಿದಾಗಲೆಲ್ಲ ಮುದ್ದಮ್ಮ ತಮ್ಮ ಸೊಂಟ ತಟ್ಟಿಕೊಂಡು, "ಇದು ನಮ್ಮವ್ವ ತಿನ್ನಿಸಿದ ಕೊಬ್ರಿ" ಎನ್ನುತ್ತಿದ್ದರಂತೆ. ಬಾಣಂತನ ಸರಿಯಾಗಿ ಆದ ಹೆಂಗಸಿನ ಸೊಂಟ ಮುಪ್ಪಿನವರೆಗೂ ಬೀಳುವುದಿಲ್ಲ ಎಂಬುದು ಅವರ ನಂಬಿಕೆ. ಮಗಳಿಗೆ ಕೊಡಲು ಹೊಲ ಇಲ್ಲ, ಒಡವೆ ಇಲ್ಲ. ಗಟ್ಟಿ ಸೊಂಟವನ್ನಾದರೂ ಕೊಟ್ಟು ಕಳಿಸಬೇಕೆಂದು ಅವರು ಅಂದುಕೊಂಡಿದ್ದರು.

ಬೇಸಿಗೆಯ ಕೊನೆಯಲ್ಲಿ ಶೃತಿಗೆ ಹೆಣ್ಣು ಕೂಸು ಹುಟ್ಟಿತು. ಒಳಕೋಣೆಯಲ್ಲಿ ಮಂಚ ಹಾಕಿ, ಕಿವಿಗೆ ಬಟ್ಟೆ ಕಟ್ಟಿ ಅವಳನ್ನು ಮಲಗಿಸಿದರು. ತಣ್ಣೀರು ಮುಟ್ಟಬಾರದು, ಗಾಳಿಗೆ ನಿಲ್ಲಬಾರದು, ಅಡುಗೆ ಮನೆಗೆ ಕಾಲಿಡಬಾರದು. ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಕೊಬ್ಬರಿ ಬೆಲ್ಲ, ಅನ್ನದ ಮೇಲೆ ತುಪ್ಪ, ಎಲ್ಲವೂ ಅವಳು ಕುಳಿತಲ್ಲಿಗೇ ಬರುತ್ತಿತ್ತು. ಮೊದಲ ಹದಿನೈದು ದಿನ ಗೋಡೆಯಾಚೆಯಿಂದ ನಮ್ಮ ಮನೆಗೂ ಆ ತುಪ್ಪದ ವಾಸನೆ ಬರುತ್ತಿತ್ತು.

ಆಮೇಲೆ ಕಷ್ಟವಾಯಿತು. ಆ ವರ್ಷ ಬೆಲೆ ಬಾಣಂತಿಗೆ ಬೇಕಾದ ಸಾಮಾನನ್ನೇ ಹುಡುಕಿಕೊಂಡು ಹೋಗಿ ಏರಿದಂತಿತ್ತು. ಕೊಬ್ಬರಿ ಎಣ್ಣೆ ಹಿಂದಿನ ವರ್ಷದ ಎರಡರಷ್ಟಾಗಿತ್ತು. ಕೊಬ್ಬರಿಯನ್ನು ಅಂಗಡಿಯವರು ಹೊರಗೆ ನೇತುಹಾಕುವುದನ್ನು ಬಿಟ್ಟು ಗಾಜಿನ ಬೀರುವಿನೊಳಗೆ ಇಟ್ಟಿದ್ದರು. ತುಪ್ಪ, ಗ್ಯಾಸು, ಸೌದೆ, ಯಾವುದೂ ಇಳಿಯಲಿಲ್ಲ. ಮುದ್ದಮ್ಮನ ಕೂಲಿ ಮಾತ್ರ ಎರಡು ವರ್ಷದಿಂದ ಅಷ್ಟೇ ಇತ್ತು.

ಮೊದಲೆಲ್ಲ ಮಂಟಪದಲ್ಲಿ ಮಿಕ್ಕ ಕಾಯಿಹೋಳನ್ನು ಕೆಲಸದವರು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಅಡುಗೆ ಕಂಟ್ರಾಕ್ಟರು ನೋಡಿಯೂ ನೋಡದವರಂತಿರುತ್ತಿದ್ದರು. ಈಗ ಅವರು ಕಾಯಿ ಮೂಟೆಯನ್ನು ಕೋಣೆಗೆ ಹಾಕಿ ಬೀಗ ಜಡಿದುಕೊಂಡರು. ಮುದ್ದಮ್ಮ ಒಂದು ಹೋಳು ಕೇಳಿದ್ದಕ್ಕೆ, "ಚಿಪ್ಪು ಬೇಕಾದ್ರೆ ತಕ್ಕಂಡೋಗು ಮುದ್ದಮ್ಮ, ಬಾಣಂತಿ ನೀರು ಕಾಯಿಸಕ್ಕಾಯ್ತದೆ" ಎಂದರಂತೆ. ಮುದ್ದಮ್ಮ ಬೇಸರ ಮಾಡಿಕೊಳ್ಳದೆ ಒಂದು ಚೀಲ ಚಿಪ್ಪು ಹೊತ್ತು ತಂದರು. ಸೌದೆಯ ಖರ್ಚಾದರೂ ಒಂದಿಷ್ಟು ಉಳಿಯಿತು.

ಕೂಸಿಗೆ ನೀರು ಹಾಕಲು ದಿನಾ ಬರುತ್ತಿದ್ದವಳು ಮಂಚಮ್ಮ. ನಮ್ಮ ಬೀದಿಯ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಿಂದವರೇ. ಒಂದು ಬೆಳಿಗ್ಗೆ ಅವಳು ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ಬಟ್ಟಲನ್ನು ಓರೆ ಮಾಡಿ ನೋಡಿದಳು.

"ಏನ್ ಮುದ್ದಿ, ಎಣ್ಣೆ ಕೊಟ್ಟಿದ್ದೀಯೋ, ಬರೀ ವಾಸ್ನೆ ತೋರುಸ್ತಿದ್ದೀಯೋ?"

"ಇರೋದ್ನ ಅಚ್ಚಿ ಅತ್ತೆ."

"ಯಾವ ಕೈಗೆ ಅಚ್ಚಲಿ, ಯಾವ ಕಾಲ್ಗೆ ಬುಡ್ಲಿ? ಮೊದ್ಲು ಎಣ್ಣೆ ಅಚ್ಚಿದ್ರೆ ಕೂಸು ಕೈಯಿಂದ ಜಾರೋದು. ಈ ಕೂಸು ಜಾರಕಿಲ್ಲ ಬುಡು, ನಂಗೇ ಸಲೀಸು."

ಜಗಲಿಯಲ್ಲಿದ್ದ ದೇವರಾಜು ನಕ್ಕರು. ಮುದ್ದಮ್ಮ ನಗಲಿಲ್ಲ.

ಆಷಾಢ ಹಿಡಿದು ಮದುವೆಗಳು ನಿಂತವು. ಮುದ್ದಮ್ಮ ಎರಡು ಮನೆಗಳಲ್ಲಿ ಪಾತ್ರೆ ತೊಳೆಯಲು ಒಪ್ಪಿಕೊಂಡರು. ಇಲ್ಲಿಂದ ಮುಂದಿನದ್ದು ಶೃತಿ ಅಕ್ಕ ಹೇಳಿದ ಮೇಲೆ ನನಗೆ ತಿಳಿದದ್ದು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕೂಸು ಮಲಗಿತ್ತು. ಫ್ಲಾಸ್ಕಿನಲ್ಲಿ ಬಿಸಿನೀರು ಮುಗಿದಿತ್ತು. ಶೃತಿ ಎದ್ದು, ಐದು ವಾರದಲ್ಲಿ ಮೊದಲ ಸಲ, ಅಡುಗೆ ಮನೆಗೆ ಹೋದಳು. ಎಣ್ಣೆ ಕ್ಯಾನನ್ನು ಒಂದು ಲೋಟದ ಮೇಲೆ ಬೋರಲು ಹಾಕಿಟ್ಟಿತ್ತು, ಕೊನೆಯ ತೊಟ್ಟು ಇಳಿಯಲೆಂದು. ಪಾತ್ರೆಯ ಮುಚ್ಚಳ ತೆಗೆದರೆ ಹುಣಿಸೆ ನೀರಿಗೆ ಉಪ್ಪು, ಮೆಣಸಿನಕಾಯಿ ಕಿವುಚಿದ ಸಾರು. ಬೇಳೆ ಇಲ್ಲ, ಸೊಪ್ಪಿಲ್ಲ, ಒಗ್ಗರಣೆ ಇಲ್ಲ. ಪಕ್ಕದಲ್ಲಿ ರೇಷನ್ ರಾಗಿಯ ಮುದ್ದೆ, ದೇವರಾಜುಗೆ ಎತ್ತಿಟ್ಟದ್ದು. ಮೇಲಿನ ಹಲಗೆಯಲ್ಲಿ ಮಾತ್ರ ಒಂದು ಸ್ಟೀಲ್ ಡಬ್ಬಿ. ಅದರೊಳಗೆ ಎರಡು ಗಿಟುಕು ಕೊಬ್ಬರಿ, ಅರ್ಧ ಬಾಟಲಿ ತುಪ್ಪ. ಅದು ತನ್ನದು ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು.

ಸಂಜೆ ಅವಳು, "ನೀನೇನ್ ಉಂಡೆ ಅವ್ವ?" ಎಂದು ಕೇಳಿದಳು.

"ಮಂಟಪದಲ್ಲೇ ಉಂಡ್ಕ ಬಂದೆ."

ಆಷಾಢದಲ್ಲಿ ಯಾವ ಮಂಟಪ ಎಂದು ಶೃತಿ ಕೇಳಲಿಲ್ಲ. ಮಾರನೆಯ ದಿನ ತನ್ನ ಅತ್ತೆಗೆ ಫೋನ್ ಮಾಡಿದಳು.

ಅತ್ತೆ ರಾಮಮ್ಮ ಒಳ್ಳೆಯವರು. ಎರಡು ದಿನ ಬಿಟ್ಟು ನರಸೀಪುರದ ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲೊಂದು ಬ್ಯಾಗು. ಜಗಲಿಯಲ್ಲಿ ಕೂತು ಬ್ಯಾಗನ್ನು ಮುದ್ದಮ್ಮನ ಕಡೆ ಸರಿಸಿದರು. ಕೊಬ್ಬರಿ, ಬೆಳ್ಳುಳ್ಳಿ, ತುಪ್ಪ, ಒಂದು ಬಾಟಲಿ ಕೊಬ್ಬರಿ ಎಣ್ಣೆ.

ಮುದ್ದಮ್ಮ ಅದನ್ನು ಮುಟ್ಟಲಿಲ್ಲ. "ಇದೇನತ್ಗೆ?"

"ಏನಿಲ್ಲ ಕಣತ್ಗೆ. ನಮ್ಮ ಕೂಸು, ಸುಮ್ಕೆ ಬರಿಗೈಲಿ ಎಂಗ್ ಬರದು ಅಂತ."

"ಕೂಸ್ಗೆ ಅಂದ್ರೆ ಒಂದು ಲಂಗ ತಂದಿದ್ರೆ ಇಸ್ಕತಿದ್ದೆ. ಇದು ಬಾಣಂತಿ ಸಾಮಾನು. ಬಾಣಂತನ ಯಾರ ಮನೇದು?"

"ತೆಪ್ಪು ತಿಳ್ಕೋಬೇಡಿ. ಈಗ ಎಲ್ಲಾದ್ಕೂ ರೇಟು ಅಂಗಾಗದೆ. ನಮ್ಮನೇಲೂ ಅಷ್ಟೇಯ."

"ರೇಟು ಆಗದೆ. ನಾವೇನು ಉಪಾಸ ಕೆಡವಿದ್ದೀವಾ?"

ರಾಮಮ್ಮ ಬ್ಯಾಗನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಮುದ್ದಮ್ಮ ಎದ್ದು ಒಳಗೆ ಹೋದರು. ಬೀಗರು ಮನೆಗೆ ಬಂದಿದ್ದಾರೆ, ಅದೂ ಅನುಮಾನ ಇಟ್ಟುಕೊಂಡು ಬಂದಿದ್ದಾರೆ. ಸ್ವಲ್ಪ ಹೊತ್ತಿಗೆ ಅಡುಗೆ ಮನೆಯಿಂದ ತುರಿಯುವ ಸದ್ದು ಬಂತು. ಒಳಕೋಣೆಯಲ್ಲಿ ಮಲಗಿದ್ದ ಶೃತಿಗೆ ಆ ಕೊಬ್ಬರಿ ಯಾವುದೆಂದು ತಿಳಿಯಿತು. ಕೂಗಿ ಬೇಡವೆನ್ನಬೇಕು ಅನ್ನಿಸಿತು. ಆದರೆ ಅತ್ತೆಯ ಎದುರಿಗೆ ಅವ್ವನ ಮಾನ ಹೋಗುತ್ತದೆ ಎಂದು ಬಾಯಿ ಬಿಡಲಿಲ್ಲ.

ಊಟಕ್ಕೆ ಕೊಬ್ಬರಿ ಹೂರಣದ ಒಬ್ಬಟ್ಟಾಯಿತು. ರಾಮಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕು ಅತ್ಗೆ, ಸಾಕು" ಎನ್ನುತ್ತಿದ್ದಂತೆಯೇ ಮುದ್ದಮ್ಮ ಅವರ ಬೆರಳುಗಳ ಮೇಲೇ ತುಪ್ಪ ಸುರಿದರು.

"ನೆಂಚ್ಕಳಿ ಅತ್ಗೆ. ನಮ್ಮನೇಲಿ ತುಪ್ಪಕ್ಕೇನು ಬರ ಬಂದಿಲ್ಲ."

ಸಂಜೆ ರಾಮಮ್ಮ ತಾವು ತಂದ ಬ್ಯಾಗನ್ನು ಹಾಗೇ ಹೊತ್ತುಕೊಂಡು ಬಸ್ಸಿಗೆ ಹೋದರು. ದೇವರಾಜು ಹೆಂಡತಿಗೆ, "ಇಸ್ಕಂಡಿದ್ರೆ ಏನಾಗದು?" ಎಂದು ಮೆಲ್ಲಗೆ ಕೇಳಿದರು. ಮುದ್ದಮ್ಮ ಖಾಲಿ ಡಬ್ಬಿಯನ್ನು ತೊಳೆಯುತ್ತಿದ್ದರು.

ಆಮೇಲೆ ಶೃತಿಗೂ ಬರೀ ಸಾರನ್ನವೇ ಬಂತು. ವಾರ ಕಳೆಯುವಷ್ಟರಲ್ಲಿ ಕೂಸು ರಾತ್ರಿಯೆಲ್ಲ ಅಳತೊಡಗಿತು. ಹಾಲು ಸಾಲುತ್ತಿಲ್ಲ ಎಂದಳು ಮಂಚಮ್ಮ. ಈ ಸಲ ತಮಾಷೆ ಮಾಡಲಿಲ್ಲ.

ಒಂದು ದಿನ ಶೃತಿ ಹೇಳಿದಳು, "ಅವ್ವ, ನನ್ನ ಕಳ್ಸವ್ವ."

"ನಿಮ್ಮತ್ತೆ ಯೇಳ್ಕೊಟ್ಳಾ?"

"ಇಲ್ಲ. ಅವತ್ತು ಅತ್ತೆಗೆ ಫೋನ್ ಮಾಡಿದ್ದು ನಾನೇಯ. ನಾನು ಅಡ್ಗೆ ಮನೆ ನೋಡ್ದೆ ಅವ್ವ."

ಮುದ್ದಮ್ಮ ಕೂಸಿನ ಹೊದಿಕೆ ಸರಿಮಾಡಿದರು. ಆಮೇಲೆ, "ಬಾಣಂತಿ ಅಡ್ಗೆ ಮನೆಗೆ ಕಾಲಿಡಬಾರ್ದು ಅಂತ ಯೇಳಿರ್ನಿಲ್ವಾ ನಾನು?" ಎಂದಷ್ಟೇ ಕೇಳಿದರು.

ಎರಡು ತಿಂಗಳು ತುಂಬುವ ಮೊದಲೇ ಕುಮಾರ ಕರೆದುಕೊಂಡು ಹೋಗಲು ಬಂದ. ಬೀದಿಯವರು ಕೇಳಿದ್ದಕ್ಕೆ ಮುದ್ದಮ್ಮ, "ಅವ್ರಿಗೆ ಕೂಸ್ನ ಬುಟ್ಟಿರಕ್ಕಾಗ್ದಂತೆ. ನಾನೇನ್ ಮಾಡ್ಲಿ?" ಎಂದರು. ಯಾರೋ, "ಆಷಾಡ್ದಲ್ಲಿ ಕಳಿಸ್ತಾರಾ ಬಾಣಂತೀನ?" ಎಂದಾಗ ಮಂಚಮ್ಮ, "ನಿಂಗ್ಯಾಕಮ್ಮಿ, ನಿನ್ನನೇನು ಕಳಿಸ್ತಾವ್ರಾ?" ಎಂದು ಅವರ ಬಾಯಿ ಮುಚ್ಚಿಸಿದಳು.

ಬ್ಯಾಗು ಹಿಡಿದುಕೊಳ್ಳಲು ನಾನೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಶೃತಿ ಕಿಟಕಿಯ ಪಕ್ಕ ಕುಳಿತಳು. ಮುದ್ದಮ್ಮ ಹೊರಗಿನಿಂದ ಕೈ ಚಾಚಿ ಅವಳ ಕಿವಿಯ ಬಟ್ಟೆಯನ್ನು ಬಿಗಿ ಮಾಡಿದರು.

"ಎರಡ್ನೇದಕ್ಕೆ ಬಾ ಕಣವ್ವ. ಅವಾಗ ಐದು ತಿಂಗ್ಳೂ ಇಟ್ಕತೀನಿ. ಅಷ್ಟೊತ್ತಿಗೆ ಎಲ್ಲಾ ಇಳ್ದಿರ್ತದೆ."

ಶೃತಿ ಕೂಸಿನ ಮುಖ ನೋಡುತ್ತ ಹೇಳಿದಳು, "ಇನ್ನೊಂದು ಬ್ಯಾಡ ಅಂತ ನಾವಿಬ್ರೂ ಮಾತಾಡ್ಕಂಡಿದ್ದೀವಿ ಅವ್ವ. ಒಂದ್ನೇ ಸಾಕೋದು ಕಷ್ಟ."

ಮುದ್ದಮ್ಮ ತಲೆಯಾಡಿಸಿದರು. ಬಸ್ಸು ಹೊರಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ನನ್ನ ಜೊತೆ ಮನೆಯತ್ತ ನಡೆಯುತ್ತ, "ನಡಿ ಮಗ, ಪಾತ್ರೆ ತೊಳ್ಯೋ ಮನೆಯವ್ರು ಕಾಯ್ತಿರ್ತಾರೆ" ಎಂದರು.