ಶೇಂಗಾ ಆಗದವಳು

ನನ್ನ ತಂಗಿಗೆ ಶೇಂಗಾ ಆಗುತ್ತಿರಲಿಲ್ಲ. ಚಟ್ನಿ ಹಿಂಡಿಯಿಂದ ಹೋಳಿಗೆಯವರೆಗೆ ಎಲ್ಲದಕ್ಕೂ ಶೇಂಗಾ ಹಾಕುವ ದೇವದುರ್ಗದಲ್ಲಿ ಹುಟ್ಟಿದವಳು ಅವಳು. ಒಂದು ಕಾಳು ಬಾಯಿಗೆ ಬಿದ್ದರೂ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪಿತ್ತ ಎಂದರು, ದೃಷ್ಟಿ ಎಂದರು. ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪ ನಮ್ಮಿಬ್ಬರನ್ನೂ ರಾಯಚೂರಿನ ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದ.

"ಇದು ವಾಸಿ ಆಗೂದಲ್ಲ. ತಿನ್ನಬಾರದು, ಅಷ್ಟ. ತಪ್ಪಿ ತಿಂದ್ರ ಇದನ್ನ ತೊಡಿಗೆ ಚುಚ್ಚಿ ದವಾಖಾನಿಗೆ ಓಡ್ರಿ," ಎಂದು ಅವರು ಅಡ್ರಿನಲಿನ್ ಎಂಬ ಔಷಧದ ಸಣ್ಣ ಗಾಜಿನ ಶೀಶೆ ಕೊಟ್ಟರು. ತೊಡೆಗೆ ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಪೆನ್ನಿನಂಥದ್ದು ಈಗ ಇದೆಯಂತೆ. ನಮ್ಮದು ಗಾಜಿನ ಸಿರಿಂಜು. ಕುದಿಸಿ ಸ್ಟೀಲಿನ ಡಬ್ಬಿಯಲ್ಲಿಡಬೇಕು, ಬೇಕಾದಾಗ ಶೀಶೆಯ ಕುತ್ತಿಗೆ ಮುರಿದು ಔಷಧ ಎಳೆದುಕೊಳ್ಳಬೇಕು.

"ನೀರಿನಂಗ ಇರಬೇಕು. ಕೆಂಪಗಾದ್ರ ಒಗೀರಿ, ಅದರಾಗ ಕಸುವಿರಂಗಿಲ್ಲ," ಎಂದೂ ಡಾಕ್ಟರು ಎಚ್ಚರಿಸಿದ್ದರು.

ನಮ್ಮ ಬೇಸಿಗೆಯಲ್ಲಿ ಅದು ಎಲ್ಲಿಯ ನೀರಿನಂತೆ ಉಳಿಯಬೇಕು? ನೀರಿನ ಗಡಿಗೆಯ ಕೆಳಗೆ ಒದ್ದೆ ಮರಳಿನಲ್ಲಿ ಹೂತಿಟ್ಟರೂ ಬಣ್ಣ ತಿರುಗುತ್ತಿತ್ತು. ಅಪ್ಪ ಮತ್ತೆ ರಾಯಚೂರಿನ ಬಸ್ಸು ಹತ್ತುತ್ತಿದ್ದ.

ಮದುವೆಯಾಗಿ ಮಾನ್ವಿಗೆ ಹೋಗುವಾಗ ಡಬ್ಬಿಯೂ ಅವಳ ಟ್ರಂಕಿನಲ್ಲಿ ಹೋಯಿತು. ಅತ್ತೆ ಮುಖ ತಿರುಗಿಸಿದರು. "ಶೇಂಗಾ ತಿಂದು ಸತ್ತೋರನ್ನ ನಾ ಕಂಡಿಲ್ಲವ್ವಾ." ಗಂಡ ಮಾತ್ರ ನಂಬಿದ. ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವವನು, ಮೂಸಂಬಿಗೆ ನೀರು ಚುಚ್ಚಿ ಚುಚ್ಚಿ ಕಲಿತ.

ಅವಳ ಮೈದುನನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಅವ್ವ, ನಾನು ಹೋಗಿದ್ದೆವು. ಸುಡು ಬೇಸಿಗೆ. ಮಧ್ಯಾಹ್ನದ ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ಶೇಂಗಾ ಹಾಕಿಲ್ಲ ತಾನೆ ಎಂದು ತಂಗಿ ಕೇಳಿಯೇ ಹಾಕಿಸಿಕೊಂಡಳು.

"ಎಳ್ಳು, ಗುರೆಳ್ಳು ಅಷ್ಟ ಹಾಕೀನಿ, ಉಣ್ಣವ್ವ," ಎಂದಳು ಅಡುಗೆ ಮಾಡಿದ ನೆರೆಮನೆಯಾಕೆ. ಎಳ್ಳು ಸಾಲದೆ ಇನ್ನೊಬ್ಬಳು ಶೇಂಗಾ ಪುಡಿ ಬೆರೆಸಿದ್ದು ಆಕೆಗೂ ಗೊತ್ತಿರಲಿಲ್ಲ.

ಎರಡು ತುತ್ತು ಉಂಡು ತಂಗಿ ಕೈ ನಿಲ್ಲಿಸಿದಳು. "ಅಕ್ಕಾ, ನಾಲಿಗಿ ತುರಸಾಕತ್ತದ."

ಗಂಡ ಓಡಿ ಡಬ್ಬಿ ತಂದ. ಶೀಶೆಯನ್ನು ಬೆಳಕಿಗೆ ಹಿಡಿದ. ಔಷಧ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಹೊಸದಕ್ಕೆಂದು ರಾಯಚೂರಿಗೆ ಹೋಗಿ ಬರಿಗೈಲಿ ಬಂದಿದ್ದ. ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ.

"ಚುಚ್ಚಲೇನ್ರೀ ಅಕ್ಕಾ?"

"ಚುಚ್ಚಪ್ಪಾ. ಬ್ಯಾರೆ ಏನದ ನಮ್ಮ ಕೈಯಾಗ?"

ಸೀರೆಯ ಮೇಲಿಂದಲೇ ತೊಡೆಗೆ ಚುಚ್ಚಿದ. ಏನೂ ಗುಣ ಕಾಣಲಿಲ್ಲ. ಅವಳ ಕಣ್ಣು ಊದಿ ಮುಚ್ಚಿಹೋದವು, ಉಸಿರು ಸಿಳ್ಳಿನಂತೆ ಕೇಳಿಸತೊಡಗಿತು. ಪಕ್ಕದವರ ಜೀಪಿನಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟೆವು. ಮಾತು ಹೊರಡದೆ ಅವಳು ನನ್ನ ಮುಂಗೈ ಹಿಡಿದಿದ್ದಳು. ಭತ್ತದ ಬಂಡಿಗಳು ದಾರಿ ಬಿಡುವಷ್ಟರಲ್ಲಿ ಆ ಹಿಡಿತ ಸಡಿಲವಾಯಿತು. ದವಾಖಾನೆಯಲ್ಲಿ ಡಾಕ್ಟರು ನಾಡಿ ಮುಟ್ಟಿ, ಅವಳ ಕೈಯನ್ನು ಮೆಲ್ಲಗೆ ಕೆಳಗಿಟ್ಟರು.

ಅತ್ತೆ ಎದೆ ಬಡಿದುಕೊಂಡು ಅತ್ತರು. ಆದರೆ ಮಣ್ಣಿಗೆ ಬಂದವರಿಗೆ, "ಎದಿ ನಿಂತು ಹೋದ್ಳು," ಎಂದೇ ಹೇಳಿದರು. ಶೇಂಗಾ ಎಂದು ನಾನು ಹೇಳಿದರೆ, ದುಃಖಕ್ಕೆ ಇವಳ ತಲೆ ಕೆಟ್ಟಿದೆ ಎಂಬಂತೆ ನೋಡುತ್ತಿದ್ದರು. ತಂಗಿಯ ಗಂಡನೂ ಶೇಂಗಾದ ಮಾತು ಬಿಟ್ಟ. ಕೆಲವು ವರ್ಷಗಳಾದ ಮೇಲೆ, ತಂಗಿ ಹೇಗೆ ಹೋದಳೆಂದು ಯಾರಾದರೂ ಕೇಳಿದರೆ, ನಾನೂ ಶೇಂಗಾ ಬಿಟ್ಟು ಜ್ವರ ಎನ್ನತೊಡಗಿದೆ. ಜ್ವರ ಎಂದರೆ ಜನ ತಲೆಯಾಡಿಸಿ ಬೇರೆ ಮಾತಿಗೆ ಹೋಗುತ್ತಿದ್ದರು.