ಬೆಕ್ಕಿನ ಬೆನ್ನಿಗೆ ಬೆಣ್ಣಿ ರೊಟ್ಟಿ

ನಮ್ಮಣ್ಣ ಸುರಪುರದಲ್ಲಿ ಲೈನ್‌ಮನ್ ಆಗಿದ್ದ. ನಾನು ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇಸಿಗೆಯಲ್ಲಿ ಮತ್ತೆ ಮತ್ತೆ ಕರೆಂಟ್ ಹೋದರೆ ಓಣಿಯವರು ಬೈಯಲು ಬರುತ್ತಿದ್ದದ್ದು ಅಣ್ಣನ ಮನೆಗೇ. ಅಣ್ಣ ಕಟ್ಟೆಯ ಮೇಲೆ ಕೂತು ಅವರಿಗೆಲ್ಲ ಒಂದು ಉಪಾಯ ಹೇಳುತ್ತಿದ್ದ.

“ಬೆಕ್ಕು ಎಲ್ಲಿಂದ ಬಿದ್ರೂ ಕಾಲ ಮ್ಯಾಲೇ ಬೀಳ್ತದ. ಬೆಣ್ಣಿ ಹಚ್ಚಿದ ರೊಟ್ಟಿ ಕೈ ಜಾರಿದ್ರ ಬೆಣ್ಣಿ ಕೆಳಗಾಗೇ ಬೀಳ್ತದ. ಹೌದಿಲ್ರಿ? ಬೆಕ್ಕಿನ ಬೆನ್ನಿಗೆ ಆ ರೊಟ್ಟಿ, ಬೆಣ್ಣಿ ಮ್ಯಾಲ ಮಾಡಿ ಕಟ್ಟಿ ಒಗೀರಿ. ಎರಡೂ ಸೋಲಂಗಿಲ್ಲ. ನೆಲ ಮುಟ್ಟದಂಗ ಗಿರಗಿರ ತಿರುಗ್ತಾವ. ಒಂದು ಡೈನಮೊ ಹಚ್ಚಿದ್ರ ಇಡೀ ಜಿಲ್ಲಾಕ್ಕ ಪುಕ್ಕಟ ಕರೆಂಟ್!”

“ಶಕ್ತಿ ಎಲ್ಲಿಂದ ಬರಬೇಕೋ ಅಣ್ಣ?” ಎಂದು ನಾನು ಕೇಳಿದರೆ, “ರೊಟ್ಟಿ ಬೆನ್ನ ಮ್ಯಾಲ ಅದ, ಬಾಯಿಗೆ ನಿಲುಕವಲ್ದು. ಆ ಸಿಟ್ಟು ಸಾಲಂಗಿಲ್ಲೇನ?” ಎನ್ನುತ್ತಿದ್ದ. ಬೈಯಲು ಬಂದವರು ನಗುತ್ತ ಹೋಗುತ್ತಿದ್ದರು.

ಒಂದು ಮುಂಜಾನೆ ಹುಣಸಗಿ ಕಡೆಯ ಭತ್ತದ ಗದ್ದೆಯಲ್ಲಿ ಕಂಬ ಹತ್ತಿದ. ಕಾಲುವೆ ನೀರಿಗೆ ಮೆತ್ತಗಾಗಿದ್ದ ಎರೆಮಣ್ಣು ಕುಸಿದು ಕಂಬ ವಾಲಿತು. ಅಣ್ಣ ಬದುವಿನ ಕಲ್ಲಿನ ಮೇಲೆ ಬೆನ್ನಡಿಯಾಗಿ ಬಿದ್ದ. ಸೊಂಟದ ಕೆಳಗೆ ಇನ್ನು ಜೀವ ಬರುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಅತ್ತಿಗೆಯ ಎದುರಿಗೇ ಹೇಳಿದರು.

ರವಿವಾರ ಬಂತೆಂದರೆ ನಾನು ಬಸ್ಸು ಹಿಡಿದು ಸುರಪುರಕ್ಕೆ ಹೋಗುತ್ತಿದ್ದೆ. ಒಮ್ಮೆ ಅತ್ತಿಗೆ ಅವನನ್ನು ಮಗ್ಗುಲು ಹೊರಳಿಸಿ, ಮಲಗಿ ಮಲಗಿ ಬೆನ್ನಿಗಾದ ಹುಣ್ಣು ತೊಳೆಯುತ್ತಿದ್ದಳು. ಅಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ: “ತಂಗಿ, ಬೆಕ್ಕು ಅದ್ಹೆಂಗ ಕಾಲ ಮ್ಯಾಲ ಬೀಳ್ತದ? ಖರೇ ಹೇಳು.”

ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದೆ. ಅದರ ಬೆನ್ನೆಲುಬು ಬಹಳ ಬಳುಕುತ್ತದೆ. ಮೊದಲು ಮುಂದಿನ ಅರ್ಧ ಮೈ ತಿರುಗಿಸಿ ಆಮೇಲೆ ಹಿಂದಿನದನ್ನು ತಿರುಗಿಸುತ್ತದೆ. ಹಾಗೆ ತಿರುಗಲು ಒಂದಿಷ್ಟು ಎತ್ತರ ಬೇಕು.

“ಎತ್ತರ ನನಗೂ ಇತ್ತಲ್ಲ,” ಎಂದ.

ಅತ್ತಿಗೆಯ ಕೈ ನಿಂತಿತು. ನಗಿಸಲು ಹೇಳಿದ್ದನೋ ಏನೋ. ಯಾರೂ ನಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹುಣ್ಣಿನ ನಂಜು ಮೈಗೆಲ್ಲ ಏರಿತು. ಯಾದಗಿರಿಯ ಆಸ್ಪತ್ರೆಗೆ ಒಯ್ಯುವಾಗ, ಶಹಾಪುರ ಇನ್ನೂ ದಾಟಿರಲಿಲ್ಲ, ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಅತ್ತಿಗೆ ನೀರು ಕಾಸಿ, ಹತ್ತಿ, ಅರಿವೆ ತಗೊಂಡು ಖಾಲಿ ಮಂಚದ ಹತ್ತಿರ ಬಂದು ನಿಂತಳು. ನಾನು ಅವಳ ಕೈಯಿಂದ ಬೋಗುಣಿ ಇಸಿದುಕೊಂಡೆ.

“ತೊಳಿಯೋ ಯಾಳ್ಯಾ ಆಗಿತ್ತಲ್ಲ,” ಎಂದಳು.