ದಾಕ್ಷಾಯಿಣಿಗೆ ಕೇಳದ ಬೇಸ್

ಹುಕ್ಕೇರಿಯಲ್ಲಿ ತಬಲಾ ಕಲಿಸುವ ಹೆಂಗಸು ಎಂದರೆ ದಾಕ್ಷಾಯಿಣಿ ಒಬ್ಬಳೇ. ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಸಂಜೆ ಪಾಠ ಹೇಳುತ್ತಾಳೆ. ಸುತ್ತಲಿನ ಊರುಗಳಲ್ಲಿ ವಚನ ಗಾಯನವಿದ್ದರೆ ವಿದ್ಯಾ ಎಂಬ ಗಾಯಕಿಗೆ ಸಾಥ್ ಕೊಡುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ತಬಲಾ ಬಾರಿಸುತ್ತಾಳೆಂದು ಓಣಿಯವರು ಕಿಟಕಿಗೆ ಬಂದು ಇಣುಕುತ್ತಿದ್ದರಂತೆ. ಅತ್ತೆ ಕಾಶೆವ್ವ ಅವರನ್ನೆಲ್ಲ ಒಳಗೆ ಕರೆದು ಚಹಾ ಕೊಟ್ಟು ಕೂಡಿಸಿದ ಮೇಲೆ ಇಣುಕುವುದು ನಿಂತಿತು.

ಅವಳ ಎಡಗೈಗೆ ಹೆಸರಿತ್ತು. ತಬಲಾ ಜೋಡಿಯಲ್ಲಿ ಎಡಗೈಗೆ ಬರುವ ದೊಡ್ಡದು ಡಗ್ಗಾ. ಅದರ ಮೇಲೆ ಅಂಗೈ ಒತ್ತಿ ಜಾರಿಸಿದರೆ ಬರುವ ಘುಮ್ಮೆಂಬ ತಗ್ಗಿನ ದನಿಯೇ ಹಾಡಿಗೆ ನೆಲೆಗಟ್ಟು. ಮೊಬೈಲಿನಲ್ಲಿ ಹಳೆಯ ರೆಕಾರ್ಡಿಂಗ್ ಹಾಕಿ ಮಕ್ಕಳಿಗೆ ಕೇಳಿಸಿದರೆ ಆ ದನಿ ಬರುವುದೇ ಇಲ್ಲ ಎಂದು ಅವಳು ತಮ್ಮ ಗುರುರಾಜನ ಹತ್ತಿರ ಗೊಣಗಿದ್ದಳು. ಅವನದು ಗೋಕಾಕದಲ್ಲಿ ಟಿವಿ, ಸ್ಪೀಕರಿನ ಅಂಗಡಿ. ಒಂದು ದಿನ ಎದೆಯೆತ್ತರದ ಎರಡು ಟವರ್ ಸ್ಪೀಕರುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಅವಳ ಕೋಣೆಯಲ್ಲಿ ನಿಲ್ಲಿಸಿದ.

"ಸಬ್‌ವೂಫರ್ ಎಲ್ಲೋ?" ಎಂದಳು, ತಗ್ಗಿನ ದನಿಗೆ ಬೇರೆ ಡಬ್ಬಿಯೇ ಇರುತ್ತದೆ ಎಂದು ಕೇಳಿದ್ದ ದಾಕ್ಷಾಯಿಣಿ.

"ಬೇಕಾಗಿಲ್ಲಕ್ಕಾ. ಸಣ್ಣ ಖೋಲಿ ಇದು. ಒಂದೊಂದ ಡಬ್ಬಿಯೊಳಗ ಎರಡೆರಡ ದೊಡ್ಡ ಕೋನ್ ಅದಾವ. ಸಿನಿಮಾದಾಗ ಬಾಂಬ್ ಹಾರೂದ ಕೇಳ್ಬೇಕಂದ್ರ ಸಬ್‌ವೂಫರ್ ಬೇಕು. ಡಗ್ಗಾಕ್ಕ ಇಷ್ಟ ರಗಡ ಆತು."

ಅವನು ರೆಕಾರ್ಡಿಂಗ್ ಹಚ್ಚಿದ. ಬಲಗೈಯ ಪೆಟ್ಟುಗಳು ಮೊಳೆ ಹೊಡೆದಷ್ಟು ಸ್ಪಷ್ಟವಾಗಿದ್ದವು. ಎಡಗೈ ಮಾತ್ರ ಇರಲಿಲ್ಲ.

"ಡಗ್ಗಾನ ಇಲ್ಲಲ್ಲೋ ಇದರಾಗ."

ಗುರುರಾಜ ಅಕ್ಕನ ಮುಖ ನೋಡಿದ. ಒಂದು ಡಬ್ಬಿಗೆ ಪ್ಲಸ್ಸು ಮೈನಸ್ಸು ತಿರುವುಮುರುವಾದರೆ ಬೇಸ್ ಎಂಬ ತಗ್ಗಿನ ದನಿ ಸಾಯುತ್ತದೆ ಎನ್ನುತ್ತ ವಾಯರ್ ಬಿಚ್ಚಿ ನೋಡಿದ. ಸರಿಯಾಗಿತ್ತು. ಗೋಡೆಗೆ ಹತ್ತಿರವಾದಷ್ಟೂ ಬೇಸ್ ಏರುತ್ತದೆ ಎಂದು ಎರಡನ್ನೂ ಹಿಂದಕ್ಕೆ ಸರಿಸಿದ. "ಈಗ?" ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅಂಗಡಿಯಿಂದ ಸಬ್‌ವೂಫರ್ ತಂದು ಹಚ್ಚಿ ನೋಡೋಣ ಎಂದು ಹೇಳಿ ಹೋದ.

ಅವನು ಹೋದ ಮೇಲೆ ದಾಕ್ಷಾಯಿಣಿ ತನ್ನ ಡಗ್ಗಾ ಎಳೆದುಕೊಂಡು ಬಾರಿಸಿದಳು. ಚರ್ಮಕ್ಕೆ ಬೆರಳು ತಾಗುವ ಟಪ್ ಎಂಬ ಸಪ್ಪಳ ಕೇಳಿತು, ಅದರ ಹಿಂದಿನ ಗುಂಗು ಕೇಳಲಿಲ್ಲ. ಹಿಂದಿನ ತಿಂಗಳಷ್ಟೇ ಚರ್ಮ ಕೆಟ್ಟಿದೆ ಎಂದು ಹೊಸದು ಕಟ್ಟಿಸಿದ್ದಳು. ಮೂಡಲಗಿಯ ಕಾರ್ಯಕ್ರಮ ಮುಗಿದಾಗ ವಿದ್ಯಾ ನಗುತ್ತಲೇ, "ಇವತ್ತ ಎಡಗೈ ಭಾಳ ಬಿರುಸ ಬಿತ್ತಲ್ರೀ ಅಕ್ಕಾರ" ಎಂದಿದ್ದು ನೆನಪಾಯಿತು. ಅವಳು ಡಗ್ಗಾಕ್ಕೆ ಬಟ್ಟೆ ಹೊದಿಸಿ ಎದ್ದುಬಿಟ್ಟಳು.

ಶನಿವಾರ ಗುರುರಾಜ ಸಬ್‌ವೂಫರ್ ತಂದು ಜೋಡಿಸಿ ಹಚ್ಚಿದ. ಅಡುಗೆಮನೆಯಿಂದ ಕಾಶೆವ್ವ ಕೂಗುತ್ತ ಬಂದಳು.

"ಏ ಗುರ್ಯಾ, ಬಂದ್ ಮಾಡೋ! ಮಾಡದಾಗಿನ ಭಾಂಡೆ ಎಲ್ಲಾ ಕುಣ್ಯಾಕತ್ತಾವ. ನನ್ನ ಎದಿನೂ ಢವಢವ ಅನ್ನಾಕತ್ತೈತಿ."

ಪಾತ್ರೆಗಳು ಗಿಲಿಗಿಲಿ ಎನ್ನುವುದು ದಾಕ್ಷಾಯಿಣಿಗೂ ಕೇಳುತ್ತಿತ್ತು. ಅವನ್ನು ಕುಣಿಸುತ್ತಿದ್ದ ದನಿ ಕೇಳುತ್ತಿರಲಿಲ್ಲ. ಅವಳು ಸಬ್‌ವೂಫರ್ ಬಂದ್ ಮಾಡಲು ಹೇಳಿ, ಮಂಡಿಯೂರಿ ಟವರ್ ಸ್ಪೀಕರಿನ ಮೈಮೇಲೆ ಅಂಗೈ ಇಟ್ಟಳು. ಡಗ್ಗಾ ಅಲ್ಲೇ ಇತ್ತು. ಒಂದೊಂದು ಪೆಟ್ಟೂ ಅಂಗೈಯಲ್ಲಿ ಮಿಡಿಯುತ್ತಿತ್ತು. ಕಿವಿಯಲ್ಲಿ ಮಾತ್ರ ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ತಿರುಗುವಂಥ ಗುಯ್ಯೆನ್ನುವಿಕೆ. ಅದು ಎಷ್ಟೋ ವಾರಗಳಿಂದ ಇತ್ತು. ಹೊರಗಿನ ಸಪ್ಪಳವೆಂದೇ ಅವಳು ತಿಳಿದಿದ್ದಳು.

"ಸಬ್‌ವೂಫರ್ ವಾಪಸ್ ಒಯ್ಯಿ ತಮ್ಮಾ. ಡಬ್ಬಿ ಖರೇನ ಛಲೋ ಅದಾವ" ಎಂದಳು. ಗುರುರಾಜನಿಗೆ ಅರ್ಥವಾಯಿತು. ದವಾಖಾನೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಯಾರಿಗೂ ಹೇಳಬೇಡ ಎಂದು ಆಣೆ ಮಾಡಿಸಿಕೊಂಡಳು.

ಹಿಡಕಲ್ ಡ್ಯಾಮಿನಲ್ಲಿ ಕೆಲಸ ಮಾಡುವ ಗಂಡ ಮಹೇಶ ಸಂಜೆ ಬಂದು "ಹೆಂಗ ಅದಾವ ಸ್ಪೀಕರ?" ಎಂದಾಗ "ಭಾಳ ಛಲೋ" ಎಂದಳು. ಪಾಠದಲ್ಲಿ ಮಕ್ಕಳ ದನಿ ಕೇಳುವ ಬದಲು ಅವರ ಬೆರಳು ನೋಡತೊಡಗಿದಳು. ಇನ್ನೂ ಏನೇನು ಹೋಗಿದೆಯೋ ಎಂದು ಎಲ್ಲವನ್ನೂ ಪರೀಕ್ಷಿಸುವ ಚಟ ಹತ್ತಿತು. ಬಾವಿಯ ಮೋಟಾರು, ಮಹೇಶನ ಕೆಮ್ಮು, ಗುಡುಗು. ವಿದ್ಯಾಳಿಗೆ ಸಾಥ್ ಕೊಡಲು ಒಪ್ಪಿಕೊಂಡಿದ್ದ ಯಮಕನಮರಡಿಯ ಕಾರ್ಯಕ್ರಮ ಹತ್ತಿರ ಬರುತ್ತಿತ್ತು.

ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸು ಅವಳ ಸೆರಗು ಹಿಡಿದು ಜೋರಾಗಿ ಎಳೆದಳು. ಹಿಂದಕ್ಕೆ ಬರುತ್ತಿದ್ದ ಬಸ್ಸು ಮೊಣಕೈಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. "ಇಂಜಿನ್ ಸಪ್ಪಳ ಕೇಳೂದಿಲ್ಲೇನವಾ?" ಎಂದು ಆಕೆ ಬೈದಳು. ದಾಕ್ಷಾಯಿಣಿ ಮನೆಗೆ ಬಂದವಳೇ ಮಹೇಶನ ಮುಂದೆ ಎಲ್ಲ ಹೇಳಿ ಅತ್ತಳು.

ಗೋಕಾಕದ ಕಿವಿಯ ದವಾಖಾನೆಯಲ್ಲಿ ಗಾಜಿನ ಪುಟ್ಟ ಕೋಣೆಯಲ್ಲಿ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟರು. ಸಪ್ಪಳ ಕೇಳಿದಾಗಲೆಲ್ಲ ಒತ್ತಬೇಕು. ಮೇಲಿನ, ಕೀರಲು ದನಿಗಳಿಗೆ ಬೆರಳು ತಾನಾಗಿ ಓಡಿತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಏನೋ ಬರುತ್ತಿರಬೇಕು ಎಂಬ ಭಯಕ್ಕೆ ಸುಮ್ಮನೆ ಒಮ್ಮೆ ಒತ್ತಿದಳು.

"ಕೇಳದ ಒತ್ತಬ್ಯಾಡ್ರಿ" ಎಂದರು ಡಾಕ್ಟರ್ ಐಶ್ವರ್ಯ, ಮೆಲ್ಲಗೆ. ಪರೀಕ್ಷೆ ಮುಗಿದ ಮೇಲೆ ಹೇಳಿದರು: "ಮ್ಯಾಲಿನ ದನಿ ಛಲೋ ಕೇಳ್ತಾವ. ತಗ್ಗಿನ ದನಿ ಎರಡೂ ಕಿವಿಗೆ ಕಮ್ಮಿ ಆಗೇತಿ, ಎಡಕ್ಕ ಜಾಸ್ತಿ. ಒಳಗಿವಿಯೊಳಗ ನೀರಿನ ಒತ್ತಡ ಏರಿದ್ರ ಹಿಂಗ ಆಗತೈತಿ. ಗುಳಿಗಿ ಕೊಡ್ತೇನಿ. ಉಪ್ಪು ಕಮ್ಮಿ ಮಾಡ್ರಿ."

"ತಿರುಗಿ ಬರ್ತೈತೇನ್ರಿ?"

"ಭಾಳ ಮಂದಿಗೆ ಬರ್ತೈತಿ. ನಿಮಗ ಬಂದ ಬರ್ತೈತಿ ಅಂತ ಹೇಳಾಕ ಆಗೂದಿಲ್ಲ."

ಮರುದಿನ ವಿದ್ಯಾಳ ಮನೆಗೆ ಹೋಗಿ, ಯಮಕನಮರಡಿಗೆ ಬೇರೆ ಯಾರನ್ನಾದರೂ ಕರೆದುಕೊಂಡು ಹೋಗು ಎಂದಳು. ಕಾರಣ ತಿಳಿದು ವಿದ್ಯಾ ಹಣೆಗೆ ಕೈ ಹಚ್ಚಿಕೊಂಡಳು.

"ಮೂಡಲಗಿಯೊಳಗ ಅಕ್ಕಾರಿಗೆ ನನ್ನ ಮ್ಯಾಲ ಸಿಟ್ಟ ಬಂದೈತಿ, ಅದಕ್ಕ ಹಂಗ ಬಾರಿಸಾಕತ್ತಾರ ಅಂತ ತಿಳದಿದ್ನೆಲ್ರೀ! ಬ್ಯಾರೇದವರನ್ನ ಕರಿಯೂದಿಲ್ಲ. ನನ್ನ ಮಾರಿ ಕಾಣೂ ಹಂಗ ಕುಂದರ್ರಿ. ಕೈ ಜೋರ ಆದ್ರ ಕಣ್ಣಿಲೆ ಹೇಳ್ತೇನಿ."

ಯಮಕನಮರಡಿಯಲ್ಲಿ ದಾಕ್ಷಾಯಿಣಿ ವಿದ್ಯಾಳ ಮುಖದಿಂದ ದೃಷ್ಟಿ ಕೀಳದೆ ಬಾರಿಸಿದಳು. ಬೆನ್ನು ಬೆವರಿನಿಂದ ತೊಯ್ದಿತ್ತು. ನಡುವೆ ವಿದ್ಯಾ ಕಣ್ಣು ಮುಚ್ಚಿ ಆಲಾಪಕ್ಕೆ ಇಳಿದಾಗ, ಆ ಕಣ್ಣು ತೆರೆಯುವ ತನಕ ಡಗ್ಗಾದ ಮೇಲೆ ಬೆರಳ ತುದಿಯನ್ನಷ್ಟೇ ಆಡಿಸಿದಳು. ಮುಗಿದ ಮೇಲೆ ಮಂದಿ ಬಂದು ಹೊಗಳಿದರೂ ಅವಳಿಗೆ ನಂಬಿಕೆಯಾಗಲಿಲ್ಲ. ವಿದ್ಯಾಳನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಎರಡ ಸಲ ಜೋರ ಬಿತ್ತ ನೋಡ್ರಿ" ಎಂದಳು ವಿದ್ಯಾ. ಸುಳ್ಳು ಹೊಗಳಿಕೆಯಿಲ್ಲದ ಆ ಉತ್ತರದಿಂದ ದಾಕ್ಷಾಯಿಣಿಗೆ ಉಸಿರು ಬಂದಂತಾಯಿತು.

ಮುಂದಿನ ಪರೀಕ್ಷೆಯಲ್ಲಿ ಬಲಗಿವಿ ಬಹುಮಟ್ಟಿಗೆ ಸುಧಾರಿಸಿತ್ತು. ಎಡಗಿವಿ ಈಗಲೂ ಒಂದು ದಿನ ತೆರೆಯುತ್ತದೆ, ಒಂದು ದಿನ ಮುಚ್ಚುತ್ತದೆ. ಅದು ಮುಚ್ಚಿದ ದಿನ ಮೊದಲಿನಂತೆಯೇ ಬಾವಿಯ ಮೋಟಾರಿಗೆ ಕಿವಿಗೊಟ್ಟು ನೋಡುತ್ತಾಳೆ. ಪಾಠ ಮಾತ್ರ ನಿಲ್ಲಿಸುವುದಿಲ್ಲ. ಚಾಪೆಯ ಮೇಲೆ ಕೂತ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತಾಳೆ: "ಇವತ್ತ ನಿಮ್ಮ ಎಡಗೈ ನನಗ ಪೂರಾ ಕೇಳೂದಿಲ್ಲ. ಒಬ್ಬರು ಬಾರಿಸ್ರಿ, ಉಳದವ್ರು ಕೇಳಿ ಹೆಂಗ ಬಿತ್ತು ಅಂತ ನನಗ ಹೇಳ್ರಿ."